ನಾದಸೇವಕ ಜಿ.ಕೆ. ವೆಂಕಟೇಶ್

ಮದರಾಸು ಮತ್ತು ಬೆಂಗಳೂರುಗಳನ್ನು ಜೋಡಿಸುವ ರೈಲು ಮಾರ್ಗದಲ್ಲಿ ನಮ್ಮ ಬಂಗಾರಪೇಟೆಯಿದೆ. ಕನ್ನಡ ಚಿತ್ರಗಳ ಹಾಡುಗಳು ಬಹುಕಾಲ ಮದರಾಸಿನಲ್ಲಿಯೇ ಧ್ವನಿಮುದ್ರಣಗೊಂಡು ಕನ್ನಡನಾಡಿಗೆ ಬರುತ್ತಿದ್ದವು. ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುವ ಕೋಲಾರ ಚಿನ್ನದ ಗಣಿ ಪ್ರದೇಶದವರಿಗೆ, ಈ ಮೂರು ನುಡಿಗಳ ಚಿತ್ರರಂಗದಲ್ಲಿಯೂ ದುಡಿದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಜೀವನವು ಪರಕೀಯವೆನಿಸಲಾರದು.

1927ರಲ್ಲಿ ಜನಿಸಿದ ವೆಂಕಟೇಶ್ ಅವರ ಮನೆಮಾತು ತೆಲುಗು. ಎಳವೆಯಲ್ಲಿ ವೀಣೆಯನ್ನು ಅಭ್ಯಸಿಸಿದ ಅವರು ಮದರಾಸಿನ ಚಿತ್ರರಂಗವನ್ನು ಸೇರಿ, ಎಂ.ಎಸ್. ವಿಶ್ವನಾಥನ್ ಅವರಿಗೆ ಸಹಾಯಕರಾಗಿ ವಾದ್ಯವೃಂದದ ಮರ್ಮವನ್ನು ಕಲಿತರು. ಆದರೆ ಅವರ ಪ್ರತಿಭೆಯು ಪೂರ್ಣವಾಗಿ ಅರಳಿದ್ದು ಕನ್ನಡದಲ್ಲಿ. ಆರಂಭದ ವರ್ಷಗಳಲ್ಲಿ ಪೌರಾಣಿಕ, ಐತಿಹಾಸಿಕ ಮತ್ತು ಭಕ್ತಿಪ್ರಧಾನ ಚಿತ್ರಗಳೇ ಅವರ ಪಾಲಿಗೆ ಬಂದವು. 1959ರ ಮಹಿಷಾಸುರ ಮರ್ದಿನಿ, 1960ರ ರಣಧೀರ ಕಂಠೀರವ, ಅಂದಿನ ಕೋಲಾರ ಜಿಲ್ಲೆಯ ಸಂತನ ಚರಿತ್ರೆಯನ್ನು ನಿರೂಪಿಸಿದ 1961ರ ಕೈವಾರ ಮಹಾತ್ಮೆ ಆ ಕಾಲದ ಕೃತಿಗಳು. ರಾಗದ ಆಧಾರವನ್ನು ಬಿಡದೆ ಸಾಮಾನ್ಯನೂ ಗುನುಗಬಲ್ಲ ಧಾಟಿಯನ್ನು ರೂಪಿಸಿದ್ದು ಅವರ ಮೊದಲ ಸಾಧನೆ.

1966ರಲ್ಲಿ, ಕೋಲಾರದಲ್ಲಿ ಹುಟ್ಟಿದ ಅ.ನ. ಕೃಷ್ಣರಾಯರ ಸಂಧ್ಯಾರಾಗ ಕಾದಂಬರಿಯು ಚಲನಚಿತ್ರವಾಯಿತು. ಗಾಯಕನೊಬ್ಬನ ಬಾಳಿನ ಕಥೆಯದು. ಅಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಅವರಂತಹ ವಿದ್ವಾಂಸರ ಕಂಠಕ್ಕೆ ಅವಕಾಶವಾಯಿತು. ಎರಡು ವರ್ಷಗಳ ತರುವಾಯ ಜೇಡರ ಬಲೆ ಚಿತ್ರಕ್ಕೆ ಪಾಶ್ಚಾತ್ಯ ಲಯದ ಸಂಗೀತವನ್ನು ಒದಗಿಸಿದವರೂ ಇವರೇ. ಕಾಲವು ಬೇಡಿದ ಬದಲಾವಣೆಗೆ ಅವರು ಹಿಂಜರಿಯಲಿಲ್ಲ. 1971ರ ಕಸ್ತೂರಿ ನಿವಾಸ ಹಾಗೂ 1972ರ ಬಂಗಾರದ ಮನುಷ್ಯ ಚಿತ್ರಗಳ ಹಾಡುಗಳು ಹಳ್ಳಿ ಪಟ್ಟಣಗಳೆನ್ನದೆ ಮನೆಮಾತಾದವು.

ಮಹಿಷಾಸುರ ಮರ್ದಿನಿಯಲ್ಲಿ ಅವರು ನಟ ರಾಜಕುಮಾರ್ ಅವರಿಂದ ಒಂದು ಯುಗಳ ಗೀತೆಯನ್ನು ಹಾಡಿಸಿದ್ದರು. ಮುಂದೆ ಬಹುಕಾಲ ರಾಜಕುಮಾರ್ ಅವರ ಪಾತ್ರಗಳಿಗೆ ಪಿ.ಬಿ. ಶ್ರೀನಿವಾಸ್ ಅವರ ಮಧುರ ಕಂಠವೇ ನಿಂತಿತು. 1974ರಲ್ಲಿ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ನಾಯಕನು ಎಮ್ಮೆಯ ಮೇಲೆ ಕುಳಿತು ಹಾಡುವ ಗೀತೆಯನ್ನು ವೆಂಕಟೇಶ್ ಮತ್ತೆ ರಾಜಕುಮಾರ್ ಅವರಿಂದಲೇ ಹಾಡಿಸಿದರು. ಅಂದಿನಿಂದ ಆ ನಟರು ತಮ್ಮ ಹಾಡುಗಳನ್ನು ತಾವೇ ಹಾಡುವ ಪರಿಪಾಠ ಬೆಳೆಯಿತು. ಮುಂದೆ 1992ರ ಜೀವನ ಚೈತ್ರ ಚಿತ್ರದ ಗಾಯನಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. 1977ರ ಸನಾದಿ ಅಪ್ಪಣ್ಣ ಚಿತ್ರಕ್ಕೆ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ವಾದನವು ದೊರೆತುದು ಇನ್ನೊಂದು ಭಾಗ್ಯ.

ಈ ವರ್ಷಗಳಲ್ಲಿ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತ, ಸಹಾಯಕನಾಗಿ ದುಡಿಯುತ್ತಿದ್ದ ತರುಣನೊಬ್ಬನಿದ್ದ. ಆತನೇ ಇಳಯರಾಜ. 1976ರಲ್ಲಿ ತಮಿಳಿನ ಅನ್ನಕ್ಕಿಳಿ ಚಿತ್ರದಿಂದ ಸ್ವತಂತ್ರನಾದ ಆ ಶಿಷ್ಯನ ಕೀರ್ತಿಯು ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿತು, ಕನ್ನಡಕ್ಕೂ ಬಂದಿತು. ಇತ್ತ 1982ರ ಹಾಲು ಜೇನು ಚಿತ್ರದ ಹಾಡುಗಳು ಜನಪ್ರಿಯವಾದರೂ, ಆ ದಶಕವು ಮುಂದುವರಿದಂತೆ ವೆಂಕಟೇಶ್ ಅವರಿಗೆ ಅವಕಾಶಗಳು ವಿರಳವಾದವು. ಹೊಸ ತಲೆಮಾರಿನ ಧಾಟಿಗಳು ಜನರ ಕಿವಿಯನ್ನು ಸೆಳೆದಿದ್ದವು. 1993ರಲ್ಲಿ ಅವರು ನಿಧನ ಹೊಂದಿದರು.

ಹೆಸರು ಹಿಂದೆ ಸರಿದರೂ ಪ್ರಭಾವವು ನಿಲ್ಲಲಿಲ್ಲ. ಮೊದಲು ಅದು ಅವರ ಹಾಡುಗಳಲ್ಲಿತ್ತು. ಬಳಿಕ ಅವರು ಹಾಡಿಸಿದವರ ಕಂಠಗಳಲ್ಲಿ, ಕೊನೆಗೆ ಅವರ ಬಳಿ ಪಳಗಿದವರ ಕೈಗಳಲ್ಲಿ ಮುಂದುವರಿಯಿತು. ಶಿಷ್ಯನು ತನ್ನನ್ನು ಮೀರಿಸಲೆಂದು ಗುರುವಾದವನು ಹಾರೈಸಬೇಕೆಂಬುದು ಹಿರಿಯರ ನಂಬಿಕೆ. ಆ ಹಾರೈಕೆಯು ಫಲಿಸಿದಾಗ ಗುರುವಿನ ಪಾಲಿನ ಬೆಳಕು ಕೆಲವೊಮ್ಮೆ ಕುಂದುವುದೂ ಉಂಟು. ವರ್ಷ ವರ್ಷವೂ ಮಕ್ಕಳನ್ನು ಬೆಳೆಸಿ ಹೊರಗೆ ಕಳುಹಿಸುವ ಅಧ್ಯಾಪಕ ಬಂಧುಗಳು ಈ ಜೀವನದ ಅರ್ಥವನ್ನು ಚೆನ್ನಾಗಿ ಬಲ್ಲರು.