ಊರು ಕಟ್ಟಿದ ನಾಡಪ್ರಭು

ವಿಜಯನಗರದ ಅರಸರಿಗೆ ಅಧೀನರಾಗಿ ಯಲಹಂಕ ನಾಡನ್ನು ಆಳಿದ ಪ್ರಭುಗಳಲ್ಲಿ ಒಂದನೆಯ ಕೆಂಪೇಗೌಡನ ಹೆಸರು ಚಿರಸ್ಮರಣೀಯವಾದುದು. ಅಚ್ಯುತರಾಯನು ಆಳುತ್ತಿದ್ದ ಕಾಲದಲ್ಲಿ, 1537ರಲ್ಲಿ, ಈತನು ಬೆಂಗಳೂರು ನಗರಕ್ಕೆ ಅಸ್ತಿಭಾರ ಹಾಕಿದನು.

ಆರಿಸಿಕೊಂಡ ಸ್ಥಳ ಎತ್ತರದ ಬಯಲು. ಸಮೀಪದಲ್ಲಿ ಬತ್ತದ ಹೊಳೆಯೊಂದೂ ಇರಲಿಲ್ಲ. ಬಿದ್ದ ಮಳೆಯ ನೀರು ಇಳಿಜಾರುಗಳಲ್ಲಿ ಹರಿದುಹೋಗುತ್ತಿತ್ತು. ನೀರಿಲ್ಲದೆ ಊರು ನಿಲ್ಲದೆಂಬುದನ್ನು ಕೆಂಪೇಗೌಡನು ಅರಿತಿದ್ದನು. ತಗ್ಗುಗಳಿಗೆ ಏರಿ ಹಾಕಿಸಿ ಕೆರೆಗಳನ್ನು ಕಟ್ಟಿಸಿದನು. ಧರ್ಮಾಂಬುಧಿ, ಕೆಂಪಾಂಬುಧಿಗಳು ಆತನವೆಂದು ಪ್ರತೀತಿ. ಒಂದು ಕೆರೆ ತುಂಬಿದರೆ ಕೋಡಿಯ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುವುದು ಈ ನಾಡಿನ ಹಳೆಯ ಏರ್ಪಾಡು. ಹೀಗೆ ಜನರಿಗೆ ಕುಡಿಯಲು, ತೋಟಗದ್ದೆಗಳಿಗೆ ಹಾಯಿಸಲು ನೀರು ಒದಗಿತು.

ಚಿಕ್ಕಪೇಟೆ ದೊಡ್ಡಪೇಟೆಗಳು ಕೂಡುವೆಡೆಯಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದನೆಂದು ಐತಿಹ್ಯ ಹೇಳುತ್ತದೆ. ಮಣ್ಣಿನ ಕೋಟೆಯೊಳಗೆ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳೆಂದು ಕಸುಬಿಗೊಂದು ಪೇಟೆ ಬೆಳೆಯಿತು. ಮನೆ, ಅಂಗಡಿ, ಕೆಲಸದ ಚಾವಡಿಗಳು ಒತ್ತಾಗಿದ್ದುದರಿಂದ ಕಾಲ್ನಡಿಗೆಯಲ್ಲೇ ಬದುಕು ಸಾಗುತ್ತಿತ್ತು. ಊರು ಸ್ವಲ್ಪ ನೆಲದಲ್ಲಿ ಅಡಕವಾಯಿತು. ಹೊರಗಿನ ಹೊಲಗಳು ಉಳಿದುವು.

ಸ್ವಂತ ನಾಣ್ಯ ಟಂಕಿಸಿದನೆಂಬ ಕಾರಣಕ್ಕೆ ಅಳಿಯ ರಾಮರಾಯನು ಆತನನ್ನು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟನು. ಸುಮಾರು ಐದು ವರ್ಷಗಳ ಅನಂತರ ಬಿಡುಗಡೆ ಹೊಂದಿ ಮರಳಿದ ಪ್ರಭುವು ಮತ್ತೆ ಆಡಳಿತವನ್ನು ವಹಿಸಿಕೊಂಡನು, 1569ರಲ್ಲಿ ಕಾಲವಾದನು. ಮುಂದೆ ಆತನ ವಂಶದವರು ಊರಿನ ನಾಲ್ಕು ಕಡೆ ಗೋಪುರಗಳನ್ನು ನಿಲ್ಲಿಸಿದರೆಂದು ಹೇಳುತ್ತಾರೆ. ಪೂರ್ವದ ಗೋಪುರ ಹಲಸೂರು ಕೆರೆಯ ಬಳಿ ಇಂದಿಗೂ ನಿಂತಿದೆ.

ಆದರೆ ನಗರವು ಆ ಗೋಪುರಗಳನ್ನು ದಾಟಿ ಬಹುದೂರ ಹರಡಿತು. ಇಪ್ಪತ್ತನೆಯ ಶತಮಾನದಲ್ಲಿ ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣವೆದ್ದಿತು. ಅದಕ್ಕೆ ಕೆರೆ ಕಟ್ಟಿಸಿದವನ ಹೆಸರನ್ನೇ ಇಟ್ಟರು. ಹಲಸೂರಿನಿಂದ ಪೂರ್ವಕ್ಕೆ ಕೆಲವು ಕಿಲೋಮೀಟರು ಸಾಗಿದರೆ ಕಗ್ಗದಾಸಪುರ ಸಿಗುತ್ತದೆ. ಒಂದು ಕಾಲದಲ್ಲಿ ಅದು ಕೆರೆಯ ಬದಿಯ ಹಳ್ಳಿ. ಇಂದು ಹೊಲಗಳಿದ್ದಲ್ಲಿ ಮನೆಗಳು ಕಿಕ್ಕಿರಿದಿವೆ. ಅವುಗಳ ನಡುವೆ ಕೆರೆ ಮಾತ್ರ ಉಳಿದಿದೆ. ಊರು ಬೆಳೆಯುವುದು ಸಹಜ. ಆದರೆ ನೀರಿನ ದಾರಿಯನ್ನು ಮೊದಲು ನೋಡಿ, ಅನಂತರ ಮನೆಯ ಪಾಯವನ್ನು ಅಗೆಯಬೇಕೆಂಬುದೇ ಕೆಂಪೇಗೌಡನ ಬಾಳು ಕಲಿಸುವ ಪಾಠ. ಅದನ್ನು ಮರೆತ ಬಡಾವಣೆಗೆ ಮಳೆಗಾಲದಲ್ಲಿ ನೆರೆ, ಬೇಸಗೆಯಲ್ಲಿ ಬರ ತಪ್ಪದು.