ಕೈಮರ ಹಾಕಿಕೊಟ್ಟ ಡೈಕ್‌ಸ್ಟ್ರಾ

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಅಂತ ನಾಲ್ಕು ಕಡೆಯಿಂದ ಬಂದು ಒಂದೇ ಲ್ಯಾಬಿನೊಳಗ ಕೂಡೋ ನಾವು ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರನ್ನ ನೆನೆಯೋದು ಶಾರ್ಟೆಸ್ಟ್ ಪಾತ್‌ಗೆ ಮಾತ್ರ. ಪರೀಕ್ಷೆಗೆ ಅದೇ ಬರ್ತದಲ್ಲ! ಆದರೆ ಅವರನ್ನು ಬಹುಕಾಲ ಕಾಡಿದ್ದು ಬೇರೆಯೇ ಪ್ರಶ್ನೆ: ಒಂದೇ ಹೊತ್ತಿಗೆ ಹಲವು ಕೆಲಸ ನಡೆದಾಗ ಒಂದರ ಕಾಲಿಗೆ ಇನ್ನೊಂದು ತೊಡರದ ಹಾಗೆ ಮಾಡೋದು ಹೇಗೆ?

ಹುಟ್ಟಿದ್ದು 1930ರಲ್ಲಿ, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ಲೈಡನ್‌ನಲ್ಲಿ ಭೌತಶಾಸ್ತ್ರ ಓದುತ್ತಲೇ 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. 1957ರಲ್ಲಿ ಮದುವೆ ಅರ್ಜಿಯೊಳಗ ಆ ವೃತ್ತಿ ಬರೆದರೆ ಅಧಿಕಾರಿಗಳು ಒಪ್ಪಲೇ ಇಲ್ಲ; ಭೌತವಿಜ್ಞಾನಿ ಅಂತ ಬರೀಬೇಕಾಯ್ತು.

ಆ ದಿನಗಳಲ್ಲೇ ಎಕ್ಸ್-1 ಎಂಬ ಹೊಸ ಯಂತ್ರಕ್ಕೆ ಇಂಟರಪ್ಟ್ ಸೇರಿಸುವ ಮಾತು ಬಂತು. ಅಂದರೆ ಹೊರಗಿನ ಸಾಧನ ಯಾವ ಕ್ಷಣದಲ್ಲಾದರೂ ಪ್ರೋಗ್ರಾಮನ್ನು ತಡೆಯಬಹುದು. ಡೈಕ್‌ಸ್ಟ್ರಾ ಗಾಬರಿಯಾದರು. ಇಂಥಲ್ಲಿ ಆದ ತಪ್ಪನ್ನು ಮತ್ತೊಮ್ಮೆ ಮಾಡಿ ತೋರಿಸಲಿಕ್ಕೇ ಆಗೋದಿಲ್ಲ. (ಥ್ರೆಡ್ ಅಸೈನ್‌ಮೆಂಟ್ ಬರೆದವರಿಗೆ ಈ ಸಂಕಟ ಗೊತ್ತು: ರಾತ್ರಿ ಓಡಿದ್ದು ವೈವಾದಾಗ ಓಡಂಗಿಲ್ಲ.) ತಿಂಗಳುಗಟ್ಟಲೆ ಹಿಂದೇಟು ಹಾಕಿ ಕೊನೆಗೆ ಒಪ್ಪಿಕೊಂಡರು. 1959ರ ಅವರ ಪಿಎಚ್‌ಡಿ ಹುಟ್ಟಿದ್ದು ಆ ಕೆಲಸದಿಂದಲೇ.

1962ರಲ್ಲಿ ಐಂಡ್‌ಹೋವನ್‌ಗೆ ಹೋದರು. ಸೆಮಾಫೋರ್ ಬಂದದ್ದು ಅಲ್ಲಿ. ಹೆಸರು ರೈಲಿನ ಕೈಮರದ್ದು. ಒಂದೇ ಬಂಡಿ ಹಿಡಿಸುವ ಸೇತುವೆಗೆ ಎರಡೂ ಕಡೆಯಿಂದ ಹಾನಗಲ್ಲ ಬಸ್ಸು, ಗೋವಿನಜೋಳ ತುಂಬಿದ ಟ್ರ್ಯಾಕ್ಟರು ಒಟ್ಟಿಗೆ ನುಗ್ಗಿದರೆ ಏನಾಗ್ತದೆ ನೋಡ್ರಿ. ಅಲ್ಲೊಂದು ಸಂಖ್ಯೆ ಇಡಬೇಕು. ಒಳಗೆ ಹೋಗುವವ ಒಂದನ್ನು ಕಳೀತಾನೆ, ಹೊರಗೆ ಬಂದವ ಕೂಡಿಸ್ತಾನೆ. ಸೊನ್ನೆ ಇದ್ದರೆ ಕಾಯಬೇಕು. ಇಷ್ಟೇ. ಆದರೆ ನೋಡೋದು, ಕಳೆಯೋದು ಎರಡರ ನಡುವೆ ಮತ್ತೊಬ್ಬ ನುಸುಳಬಾರದು. ಗುಟ್ಟು ಇರೋದೇ ಅಲ್ಲಿ.

1965ರಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಐದು ಟೇಪ್ ಡ್ರೈವ್‌ಗಳಿಗೆ ಕಿತ್ತಾಡುವ ಐದು ಕಂಪ್ಯೂಟರ್‌ಗಳ ಲೆಕ್ಕ ಕೊಟ್ಟರು. ಟೋನಿ ಹೋರ್ ಅದನ್ನು ಊಟಕ್ಕೆ ಕೂತ ಐದು ತತ್ವಜ್ಞಾನಿಗಳ ಕಥೆ ಮಾಡಿದರು. ಎಲ್ಲರೂ ಎಡಗಡೆ ಫೋರ್ಕ್ ಹಿಡಿದು ಬಲಗಡೆಯದಕ್ಕೆ ಕಾದರೆ ಎಲ್ಲರೂ ಉಪವಾಸ. ನಮ್ಮ ಡೆಡ್‌ಲಾಕ್ ಇದೇ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1984ರಿಂದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಪಾಠ. ಫೌಂಟನ್ ಪೆನ್ನಿನಲ್ಲಿ ಬರೆದು ಹಂಚಿದ ಟಿಪ್ಪಣಿಗಳು 1300ಕ್ಕೂ ಹೆಚ್ಚು.

ನಮಗೆ ಹೆಚ್ಚು ಹಿಡಿಸಿದ್ದು 1974ರ ಎರಡು ಪುಟದ ಲೇಖನ. ವ್ಯವಸ್ಥೆ ಎಷ್ಟೇ ಕೆಟ್ಟ ಸ್ಥಿತಿಗೆ ಬಿದ್ದಿರಲಿ, ಯಾರೂ ರೀಸೆಟ್ ಒತ್ತದೆ ತಾನಾಗಿ ಸರಿದಾರಿಗೆ ಬರುವಂತೆ ಮಾಡೋದು ಹೇಗೆ ಅಂತ ಅದರಲ್ಲಿದೆ. ವರ್ಷಗಟ್ಟಲೆ ಹೆಚ್ಚಿನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. 2002ರಲ್ಲಿ ಆ ಲೇಖನಕ್ಕೆ ಪ್ರಶಸ್ತಿ ಬಂತು. ಅದೇ ಆಗಸ್ಟ್ 6ರಂದು ಡೈಕ್‌ಸ್ಟ್ರಾ ತೀರಿಕೊಂಡರು. ಮರುವರ್ಷದಿಂದ ಆ ಪ್ರಶಸ್ತಿಗೆ ಅವರದೇ ಹೆಸರು.