ಒಂದು ಜಾಗಕ್ಕೆ ಒಂದೇ ಅಕ್ಷಾಂಶ–ರೇಖಾಂಶವೇ? ಬೆಂಗಳೂರಿನಿಂದ ಭೂಮಿ ಅಳೆಯಲು ಹೊರಟ ಲ್ಯಾಂಬ್ಟನ್ ಕತೆ

ಒಂದು ಜಾಗಕ್ಕೆ ಒಂದೇ ಅಕ್ಷಾಂಶ, ಒಂದೇ ರೇಖಾಂಶ ಎಂದು ನಮ್ಮಲ್ಲಿ ಬಹಳಷ್ಟು ಜನ ನಂಬಿದ್ದೇವೆ. ಪೈಥಾನ್‌ನಲ್ಲಿ ಜಿಐಎಸ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಈ ನಂಬಿಕೆ ಕೈಕೊಡುತ್ತದೆ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯಿಂದ ವೃಷಭಾವತಿ ಹೊಳೆಯ ಗೆರೆ ತೆಗೆದು, ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹಾಕಿ ನೋಡಿ. ಕೆಂಗೇರಿ ಹತ್ತಿರ ಹೊಳೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದು ಯಾರದೋ ಮನೆಯ ಮೇಲೆ ಹರಿಯಬಹುದು. ಹೊಳೆ ಅಲ್ಲೇ ಇದೆ, ಕೋಡ್ ಕೂಡ ಯಾವ ತಕರಾರೂ ಇಲ್ಲದೆ ಓಡಿದೆ. ಹಾಗಾದರೆ ತಪ್ಪಿದ್ದೆಲ್ಲಿ? ಉತ್ತರಕ್ಕೆ ನಾವು ವಿಲಿಯಂ ಲ್ಯಾಂಬ್ಟನ್ ಅವರ ಬದುಕನ್ನು ನೋಡಬೇಕು.

ಯುದ್ಧದಿಂದ ಅಳತೆಗೆ

ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಡ ಕುಟುಂಬದಲ್ಲಿ. ಗಣಿತದಲ್ಲಿ ಚುರುಕಾಗಿದ್ದ ಹುಡುಗ ಸೈನ್ಯ ಸೇರಿ ಅಮೆರಿಕಕ್ಕೆ ಹೋದರು, ಅಲ್ಲಿ ಯುದ್ಧಕೈದಿಯಾದರು. ಆಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಇದ್ದು, ಗಣಿತ ಮತ್ತು ಭೂಮಾಪನವನ್ನು ತಾವೇ ಓದಿಕೊಂಡರು. ತಮ್ಮ ದಳದ ಜೊತೆ ಭಾರತಕ್ಕೆ ಬಂದು 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡರು.

ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಹೊಸ ನೆಲದ ನಕ್ಷೆ ಬೇಕಾಗಿತ್ತು. ಕಂಪನಿಯ ಲೆಕ್ಕ ಕಂದಾಯ ಮತ್ತು ಸೈನ್ಯದ್ದು. ಲ್ಯಾಂಬ್ಟನ್ ಅವರಿಗೆ ಅದರಾಚೆಗೂ ಒಂದು ಆಸೆಯಿತ್ತು: ಭೂಮಿಯ ನಿಜವಾದ ಆಕಾರವನ್ನು ಲೆಕ್ಕ ಹಾಕುವುದು. ಭೂಮಿ ಪೂರ್ತಿ ಗೋಲವಲ್ಲ, ಧ್ರುವಗಳ ಬಳಿ ಸ್ವಲ್ಪ ಚಪ್ಪಟೆ. ಎಷ್ಟು ಚಪ್ಪಟೆ ಎಂದು ಗೊತ್ತಿಲ್ಲದಿದ್ದರೆ ಅಕ್ಷಾಂಶ, ರೇಖಾಂಶದ ಲೆಕ್ಕವೂ ನಿಖರವಾಗದು.

ಸರಪಳಿ, ತ್ರಿಕೋನ, ಪರೀಕ್ಷೆ

1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ನೇರ ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಅದಕ್ಕಾಗಿ ಪ್ರತಿ ಸಲವೂ ಥರ್ಮಾಮೀಟರ್ ನೋಡಿ ಉದ್ದವನ್ನು ತಿದ್ದಬೇಕಿತ್ತು. ಅಂದರೆ, ಯಾವ ಉಷ್ಣತೆಯಲ್ಲಿ ಅಳೆದದ್ದು ಎಂದು ಬರೆದಿಡದ ಅಳತೆಗೆ ಬೆಲೆಯೇ ಇರಲಿಲ್ಲ.

ಮಹಾಸರ್ವೆಯ ಮುಖ್ಯ ಆಧಾರರೇಖೆ ಅಳೆದದ್ದು 1802ರಲ್ಲಿ, ಮದ್ರಾಸಿನಲ್ಲಿ. ತ್ರಿಕೋನದ ಒಂದು ಬದಿ ಮತ್ತು ಕೋನಗಳು ಗೊತ್ತಿದ್ದರೆ ಉಳಿದೆರಡು ಬದಿ ಲೆಕ್ಕಕ್ಕೆ ಸಿಗುತ್ತವೆ. ಸಿಕ್ಕ ಬದಿಯೇ ಮುಂದಿನ ತ್ರಿಕೋನಕ್ಕೆ ಆಧಾರ. ಕೋಡಿಂಗ್ ಕಲಿತವರು ಇದನ್ನು ಲೂಪ್ ಎನ್ನುತ್ತಾರೆ. ಆದರೆ ಲೂಪಿನಲ್ಲಿ ತಪ್ಪು ಕೂಡ ಮುಂದಕ್ಕೆ ಸಾಗುತ್ತದೆ. ಹಾಗಾಗಿ 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಸಹಾಯಕ ಜಾನ್ ವಾರನ್ ನೆಲದ ಮೇಲೆ ಅಳೆದರು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಬಂದ ಉತ್ತರಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ! ಅಲ್ಲಿಂದ ಮಾಗಡಿಯ ಸಾವನದುರ್ಗದಂಥ ಬೆಟ್ಟಗಳನ್ನು ಹಿಡಿದು ಮಂಗಳೂರು ತಲುಪಿದಾಗ, ಹಳೆಯ ನಕ್ಷೆಗಳು ಪರ್ಯಾಯ ದ್ವೀಪವನ್ನು ಸುಮಾರು 40 ಮೈಲಿ ಹೆಚ್ಚು ಅಗಲ ತೋರಿಸುತ್ತಿದ್ದುದು ಬಯಲಾಯಿತು.

ಕೋನ ಅಳೆಯಲು ಇದ್ದದ್ದು ಅರ್ಧ ಟನ್ ತೂಕದ ಥಿಯೊಡೊಲೈಟ್. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಅದು ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ ಸುಮಾರು ಆರು ವಾರ ಕೂತು ತಮ್ಮ ಕೈಯಾರೆ ಸರಿಪಡಿಸಿದರು. ಅದನ್ನು ಬೆಟ್ಟಕ್ಕೆ ಹೊತ್ತವರು, ಬಾವುಟ ಹಿಡಿದು ನಿಂತವರು, ಕಾಡಿನ ಜ್ವರಕ್ಕೆ ಬಲಿಯಾದವರು ಬಹುಪಾಲು ಇಲ್ಲಿನ ಜನ. ಅವರ ಹೆಸರುಗಳು ನಕ್ಷೆಯಲ್ಲಿ ಉಳಿಯಲಿಲ್ಲ.

1823ರ ಜನವರಿ 20ರಂದು, ನಾಗಪುರಕ್ಕೆ ಹೋಗುವ ದಾರಿಯ ಹಿಂಗಣಘಾಟ್‌ನಲ್ಲಿ ಲ್ಯಾಂಬ್ಟನ್ ತೀರಿಕೊಂಡರು. ವಯಸ್ಸು ಎಪ್ಪತ್ತರ ಆಸುಪಾಸು. ಕೆಲಸ ಮುಂದುವರಿಸಿದವರು 1818ರಲ್ಲಿ ಅವರ ಕೈಕೆಳಗೆ ಸೇರಿದ್ದ ಜಾರ್ಜ್ ಎವರೆಸ್ಟ್. ಶಿಖರಕ್ಕೆ ಎವರೆಸ್ಟ್ ಹೆಸರು ಬಂದದ್ದರಿಂದ ಈ ಸರ್ವೆಯನ್ನು ಶುರುಮಾಡಿದ್ದೂ ಅವರೇ ಎಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ.

ಹಾಗಾದರೆ ಹೊಳೆ ಸರಿದದ್ದೇಕೆ?

ಭಾರತದ ಈ ಅಳತೆಗಳನ್ನು ಆಧರಿಸಿ ಎವರೆಸ್ಟ್ 1830ರಲ್ಲಿ ಭೂಮಿಗೆ ಒಂದು ಗಣಿತದ ಆಕಾರ ಕೊಟ್ಟರು. ನಮ್ಮ ಹಳೆಯ ಸರ್ವೆ ನಕ್ಷೆಗಳ ಅಕ್ಷಾಂಶ–ರೇಖಾಂಶ ನಿಂತಿರುವುದು ಅದರ ಮೇಲೆ. ನಿಮ್ಮ ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಆಕಾರ, ಅದರ ಕೇಂದ್ರವೂ ಬೇರೆ. ಹಾಗಾಗಿ ಒಂದೇ ಜಾಗಕ್ಕೆ ಎರಡು ಜೊತೆ ಸಂಖ್ಯೆಗಳು, ಎರಡೂ ಸರಿ. ಒಂದನ್ನು ಇನ್ನೊಂದೆಂದು ತಿಳಿದರೆ ಮಾತ್ರ ತಪ್ಪು.

ಜಿಯೋಪಾಂಡಾಸ್ ಬಳಸುವವರು ಎಡವುವುದು ಇಲ್ಲೇ. ಸೆಟ್_ಸಿಆರ್‌ಎಸ್ ಎಂಬ ಆಜ್ಞೆ ಸಂಖ್ಯೆಗಳಿಗೆ ಚೀಟಿ ಅಂಟಿಸುತ್ತದೆ, ಅಷ್ಟೇ. ಟು_ಸಿಆರ್‌ಎಸ್ ಸಂಖ್ಯೆಗಳನ್ನೇ ಲೆಕ್ಕ ಮಾಡಿ ಬದಲಿಸುತ್ತದೆ. ಹಳೆಯ ನಕ್ಷೆಗೆ ಮೊದಲು ಅದರದೇ ಚೀಟಿ ಅಂಟಿಸಿ, ಆಮೇಲೆ ಬದಲಿಸಬೇಕು. ನೇರವಾಗಿ ಜಿಪಿಎಸ್ ಚೀಟಿ ಅಂಟಿಸಿದರೆ ಕಂಪ್ಯೂಟರ್ ನಂಬಿಬಿಡುತ್ತದೆ, ಹೊಳೆ ಮನೆಯ ಮೇಲೆ ಹರಿಯುತ್ತದೆ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆಯ ರಾಜಕಾಲುವೆಗಳ ನೀರು ಸೇರುವುದು ಇದೇ ವೃಷಭಾವತಿ ಕಣಿವೆಗೆ. ಕಾಲುವೆ ಎಲ್ಲಿತ್ತು ಎಂಬ ಪ್ರಶ್ನೆಗೆ ಹಳೆಯ ನಕ್ಷೆ ತೆರೆಯುವ ಊರು ನಮ್ಮದು. ನೂರು ಮೀಟರ್ ಎಂದರೆ ಇಲ್ಲಿ ಎರಡು ಮೂರು ಬೀದಿ. ಆದ್ದರಿಂದ ಯಾರಾದರೂ ನಕ್ಷೆ ಮುಂದಿಟ್ಟರೆ ಮೊದಲು ಕೇಳಬೇಕಾದದ್ದು ಒಂದೇ: ಈ ಸಂಖ್ಯೆಗಳು ಯಾವ ಲೆಕ್ಕದವು? ಜೊತೆಗೆ, ನೆಲದ ಮೇಲೆ ಗೊತ್ತಿರುವ ಒಂದು ಜಾಗಕ್ಕೆ ಹೋಗಿ ತಾಳೆ ನೋಡಿ. 1804ರಲ್ಲಿ ಬೆಂಗಳೂರಿನಲ್ಲಿ ಮಾಡಿದ್ದೂ ಅದನ್ನೇ.